ಹಲಗೆ ನಿಂತರೆ ಕೈ ಬಿಡಬೇಕು

ಖಾಲಿ ಕಣದ ಮುಂದೆ ಅಪ್ಪನಿಗೆ ಹಲಗೆ ಬಾರಿಸಲು ಬರುವುದಿಲ್ಲ ಎಂಬುದು ಆ ಮಧ್ಯಾಹ್ನದವರೆಗೆ ನಮಗೆ ಯಾರಿಗೂ ತಿಳಿದಿರಲಿಲ್ಲ. ಅಪ್ಪನಿಗೂ ತಿಳಿದಿರಲಿಲ್ಲ.

ಯರಗಟ್ಟಿಯ ಗರಡಿಮನೆಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ರಸ್ತೆಯ ಸದ್ದನ್ನು ತಡೆದಿದ್ದೆವು. ಕೆಂಪು ಮಣ್ಣಿನ ಕಣದ ಅಂಚಿನಲ್ಲಿ ಎರಡು ಮೈಕುಗಳು ನಿಂತಿದ್ದವು. ಅವುಗಳ ತಂತಿ ಮೂಲೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ ಬಂದು ಸೇರುತ್ತಿತ್ತು. ಮೇಜಿನ ಒಂದು ಬದಿಗೆ ಪೂನಮ್ ಕುಳಿತಿದ್ದರು, ಇನ್ನೊಂದು ಬದಿಗೆ ನಾನು. ಪೂನಮ್ ಬೆಳಗಾವಿಯಲ್ಲಿ ಬೆಳೆದು, ಈಗ ಮುಂಬೈಯ ಸಂಗೀತ ನಿರ್ದೇಶಕರೊಬ್ಬರ ಬಳಿ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದವರು. ಬೈಲಹೊಂಗಲದಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿದ್ದ ನನಗೆ ಅವರು ತೆರೆಯ ಮೇಲಿನ ಧ್ವನಿಯ ಅಲೆಯನ್ನು ಗಮನಿಸುವ ಕೆಲಸ ಕೊಟ್ಟಿದ್ದರು.

ಆ ನಿರ್ದೇಶಕರು ರಚಿಸುತ್ತಿದ್ದುದು ವಿದೇಶದಲ್ಲಿ ನಡೆಯಲಿದ್ದ ಜಾಗತಿಕ ಕುಸ್ತಿ ಕೂಟದ ಉದ್ಘಾಟನಾ ಗೀತೆ. ಹಾಡು ಮುಗಿದ ಮೇಲೆ ದೇಶ ದೇಶದ ಬಾವುಟಗಳು ಕ್ರೀಡಾಂಗಣದೊಳಗೆ ಬರುವ ಮೂರು ನಿಮಿಷ ಬೇರೆ ಯಾವ ವಾದ್ಯವೂ ಇಲ್ಲ, ಹಲಗೆ ಮಾತ್ರ. ಅದೂ ಮದುವೆಯ ಹಲಗೆಯಲ್ಲ. ಪೈಲ್ವಾನರು ಸೆಣಸುವಾಗ ಕಣದ ಅಂಚಿನಲ್ಲಿ ನಿಂತು ಬಾರಿಸುವ ಕುಸ್ತಿಯ ಹಲಗೆ. ಕೊನೆಯ ಸುತ್ತಿಗೆ ಇಬ್ಬರು ಉಳಿದಿದ್ದರು: ರಾಜ್ಯದ ಗಡಿಯಾಚೆಯ ಒಬ್ಬ ವಾದಕ ಮತ್ತು ನನ್ನ ಅಪ್ಪ ಭರಮಪ್ಪ. ಆಯ್ಕೆಯಾದವರು ಅಲ್ಲಿಗೇ ಹೋಗಿ ಎಲ್ಲರೆದುರು ಬಾರಿಸಬೇಕು. ಅಲ್ಲಿ ತಪ್ಪಿದರೆ ತಿದ್ದುವಂತಿಲ್ಲ. ಆದ್ದರಿಂದ ನಿರ್ದೇಶಕರ ಷರತ್ತು ಒಂದೇ ಆಗಿತ್ತು: ಎಲ್ಲೂ ಕಡಿಯದ, ಎಲ್ಲೂ ಜೋಡಿಸದ ಮೂರು ನಿಮಿಷದ ಮುದ್ರಣ. ಅದು ಆ ಸಂಜೆಯೊಳಗೆ ಮುಂಬೈ ತಲುಪಬೇಕಿತ್ತು.

ಅಪ್ಪನಿಗೆ ವಿಮಾನದ ಆಸೆ ಇರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಅವನ ವೆಲ್ಡಿಂಗ್ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಪೂನಮ್ ಮೊದಲ ದಿನ ಫೋನಿನಲ್ಲಿ ಹೇಳಿದ ಒಂದು ಮಾತು ಮಾತ್ರ ಅವನೊಳಗೆ ಉಳಿದುಬಿಟ್ಟಿತ್ತು: ಬಾರಿಸುವವರ ಹೆಸರನ್ನು ಅಲ್ಲಿ ಮೈಕಿನಲ್ಲಿ ಹೇಳುತ್ತಾರೆ. ಸವದತ್ತಿ, ರಾಮದುರ್ಗ, ಕಿತ್ತೂರಿನ ಕಡೆಯ ಎಷ್ಟೋ ಕಣಗಳಲ್ಲಿ ಅಪ್ಪ ಬಾರಿಸಿದ್ದಾನೆ. ಕುಸ್ತಿಯ ಭಿತ್ತಿಪತ್ರದಲ್ಲಿ ಪೈಲ್ವಾನರ ಹೆಸರಿರುತ್ತದೆ, ಗೆದ್ದವರಿಗೆ ಬೆಳ್ಳಿ ಕಡಗ ಕೊಟ್ಟವರ ಹೆಸರಿರುತ್ತದೆ, ಪೆಂಡಾಲು ಹಾಕಿಸಿದವರ ಹೆಸರೂ ಇರುತ್ತದೆ. ಮೈಕಿನವನು ಅವನ್ನೆಲ್ಲ ಓದಿ ಮುಗಿಸಿ, “ಹಲಗೀಯವ್ರು, ಸುರು ಮಾಡ್ರಿ” ಎನ್ನುತ್ತಾನೆ. ಅಷ್ಟೇ. ಪೂನಮ್ ಫೋನು ಇಟ್ಟ ಮೇಲೆ ಅಪ್ಪ ನನ್ನನ್ನು ಕೇಳಿದ್ದ, “ಹೆಸರ ಅಂದ್ರ ಬರೇ ಭರಮಪ್ಪ ಅಂತಾರೋ, ಊರ ಹೆಸರೂ ಹೇಳತಾರೋ?”

ಮೊದಲ ಸಲ ಕಣ ಖಾಲಿ ಇತ್ತು. ಅಂಗಳದಲ್ಲಿ ಜೋಳದ ಕಣಿಕೆಗೆ ಬೆಂಕಿ ಹಚ್ಚಿ, ಹಲಗೆಯ ಚರ್ಮವನ್ನು ಬಿಸಿಗೆ ಹಿಡಿದು ಬಿಗಿಮಾಡಿಕೊಂಡು ಅಪ್ಪ ಒಳಗೆ ಬಂದ. ಮೈಕಿನ ಮುಂದೆ ನಿಂತು ಶುರುಮಾಡಿದ. ಕೆಲವೇ ಪೆಟ್ಟುಗಳಲ್ಲಿ ಅವನ ಕೈ ತಡವರಿಸಿತು. ಅವನು ಕೋಲು ಇಳಿಸಿದ.

“ಯಾಕ ನಿಂತ್ರಿ ಕಾಕಾ?” ಎಂದರು ಪೂನಮ್.

“ಯಾರಿಗೆ ಬಾರಸ್ಲಿರಿ ಮೇಡಮ್ಮಾರ? ಕಣದಾಗ ಮಂದಿನ ಇಲ್ಲ.”

“ಕಣ್ಣ ಮುಚ್ಚಿ ನೆನಸ್ಕೋರಿ.”

“ಕಣ್ಣ ಮುಚ್ಚಿದ್ರ ಮದವಿ ಹಲಗಿ ಬರತೈತಿ.”

ಗೋಡೆಗೆ ಒರಗಿ ಕುಳಿತಿದ್ದ ಮುದಕಪ್ಪ ವಸ್ತಾದರು ನಕ್ಕರು. ಗರಡಿಯಲ್ಲಿ ಹುಡುಗರನ್ನು ಪಳಗಿಸುವವರು ಅವರೇ. “ಅವನ ಕೈ ಅವನ ಮಾತ ಕೇಳೂದಿಲ್ರಿ. ಪೈಲ್ವಾನರ ಕಾಲ ನೋಡಿ ಬಾರಸಾಂವ ಅವ” ಎಂದರು. ಬಳಿಕ ಅಂಗಳದ ಕಡೆಗೆ ಕೂಗಿದರು, “ಲೇ ಅಬ್ರಾರ, ಶ್ರೀಶೈಲನ್ನ ಕರಕೊಂಡ ಬಾ. ಲಂಗೋಟಿ ಬಿಗೀರಿ.”

ಅಬ್ರಾರ ಮನೋಳಿಯವನು, ಲಾರಿ ನಡೆಸುವ ಗೌಸಸಾಬರ ಮಗ. ಅವನು ಈ ಗರಡಿಗೆ ಬರಲಾರಂಭಿಸಿದಾಗ ಕಣದ ಅಂಚನ್ನು ದಾಟಲು ಅಪ್ಪ ಅವನ ಕೈ ಹಿಡಿಯುತ್ತಿದ್ದ, ಅಷ್ಟು ಚಿಕ್ಕವನಿದ್ದ. ಅವನು ಗೆದ್ದ ಮೊದಲ ಕುಸ್ತಿಗೂ ಅಪ್ಪನದೇ ಹಲಗೆ. ಶ್ರೀಶೈಲ ರಾಮದುರ್ಗದ ಕಡೆಯವನು, ಈ ವರ್ಷವಷ್ಟೇ ತಾಲೀಮಿಗೆ ಬಂದು ಸೇರಿದ್ದ. ಇಬ್ಬರದೂ ಸರಿಸಮ ತೂಕ. ಆದರೆ ಶ್ರೀಶೈಲ ಒಮ್ಮೆಯೂ ಅಬ್ರಾರನನ್ನು ಬೀಳಿಸಿರಲಿಲ್ಲ.

ಅವರು ಮೈಗೆ ಮಣ್ಣು ತೀಡಿಕೊಳ್ಳುತ್ತಿರುವಾಗ ವಸ್ತಾದರು ಪೂನಮ್‌ಗೆ ಕಣದ ನಿಯಮ ಹೇಳಿದರು. “ಹಲಗಿ ಸುರುವಾದ್ರ ಕೈ ಹಿಡೀಬೇಕು. ಹಲಗಿ ನಿಂತ್ರ ಕೈ ಬಿಡಬೇಕು. ಎಂಥಾ ಪಟ್ಟ ಹಾಕಿರಲಿ, ಎದಿ ಮ್ಯಾಲ ಕುಂತಿರಲಿ, ಬಿಡಬೇಕು ಅಂದ್ರ ಬಿಡಬೇಕು.”

“ಮತ್ತ ನಿಲ್ಲಸೂದು ಯಾವಾಗ?”

“ಒಬ್ಬನ ಬೆನ್ನ ಮಣ್ಣಿಗೆ ಹತ್ತಿದಾಗ. ಇಲ್ಲಾಂದ್ರ ಕೆಳಗಿದ್ದಾಂವ ತಾಳಲಾರದ ಅಂಗೈಲೆ ಮಣ್ಣ ಬಡದಾಗ. ಹಲಗೀಯಾಂವ ಎಲ್ಲಾರಕಿಂತ ಹತ್ರ ಇರತಾನಲ್ರಿ, ಅವಗ ಮೊದಲ ಕಾಣತೈತಿ.”

“ನಡಕ ನಿಂತ್ರ ನನ್ನ ರೆಕಾರ್ಡಿಂಗ್ ಹೋತಲ್ರಿ” ಎಂದ ಪೂನಮ್, ಹುಡುಗರ ಕಡೆಗೆ ತಿರುಗಿ, “ನೋಡ್ರಪಾ, ಯಾರೂ ಬೀಳಬ್ಯಾಡ್ರಿ. ಸುಮ್ನ ಹಿಡಕೊಂಡ ತಿರಗ್ರಿ” ಎಂದರು.

ಅವರು ಹಾಗೆಯೇ ಮಾಡಿದರು. ಮೂರು ನಿಮಿಷ ತುಂಬಿತು. ಆದರೆ ತೆರೆಯ ಮೇಲಿನ ಅಲೆ ಅಳತೆಪಟ್ಟಿಯ ಗೆರೆಗಳಂತೆ ಒಂದೇ ಎತ್ತರಕ್ಕೆ, ಒಂದೇ ಅಂತರಕ್ಕೆ ನಿಂತಿತ್ತು. ಪೂನಮ್ ಹೆಡ್‌ಫೋನು ತೆಗೆದಿಟ್ಟರು. “ಗಡಿಯಾರ ಬಡದಂಗ ಆಗೇತಿ. ಇದನ್ನ ಕಳಸಿದ್ರ ನಗತಾರ.”

“ನಾಟಕ ಮಾಡ್ರಿ ಅಂದ್ರಿ, ಮಾಡಿದ್ವಿ” ಎಂದ ಅಬ್ರಾರ. “ಮುಖಕ್ಕ ಬಣ್ಣ ಹಚ್ಚೂದೊಂದ ಉಳೀತು.”

ಮೂರನೆಯ ಸಲ ನಿಜವಾದ ಕುಸ್ತಿಯೇ ನಡೆಯಲಿ ಎಂದು ವಸ್ತಾದರು ಹೇಳಿದರು. ಹಲಗೆಯ ಸದ್ದು ಮೊದಲ ಪೆಟ್ಟಿನಿಂದಲೇ ಬೇರೆಯಾಗಿತ್ತು. ಅಪ್ಪನ ಕಣ್ಣು ಅವರ ಪಾದಗಳ ಮೇಲಿತ್ತು. ಹಿಮ್ಮಡಿ ಊರಿದಾಗ ಬಲಗೈಯ ದಪ್ಪ ಕೋಲು ಬೀಳುತ್ತಿತ್ತು, ಬೆರಳ ತುದಿಯಲ್ಲಿ ನಿಂತು ಸಂದು ಹುಡುಕುವಾಗ ಎಡಗೈಯ ತೆಳು ಕಡ್ಡಿ ಚಿಟಿಚಿಟಿ ಎನ್ನುತ್ತಿತ್ತು. ಪೂನಮ್ ನನ್ನ ಮುಂಗೈ ಹಿಡಿದರು. ಅಷ್ಟರಲ್ಲಿ ಅಬ್ರಾರ ಬಗ್ಗಿ, ಶ್ರೀಶೈಲನ ತೊಡೆಗೆ ಕೈ ಹಾಕಿ ಎತ್ತಿ ಒಗೆದ. ಬೆನ್ನು ಮಣ್ಣಿಗೆ ಹತ್ತಿತು. ಹಲಗೆ ನಿಂತಿತು. ಒಂದು ನಿಮಿಷವೂ ಆಗಿರಲಿಲ್ಲ.

“ರಾಮದುರ್ಗದ ಬಸ್ ಬಂತು, ಹೋತು” ಎಂದರು ವಸ್ತಾದರು.

ಬಾಗಿಲಲ್ಲಿ ನಿಂತಿದ್ದ ಗರಡಿಯ ಹುಡುಗರೆಲ್ಲ ನಕ್ಕರು. ಶ್ರೀಶೈಲ ನಗಲಿಲ್ಲ. ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡು, ಮೂಲೆಗೆ ಹೋಗಿ ಗೋಡೆಯ ಕಡೆಗೆ ಮುಖ ಮಾಡಿ ನಿಂತ. ಅವನ ಕಿವಿ ಕೆಂಪಾಗಿದ್ದುದು ಮೇಜಿನಿಂದಲೇ ಕಾಣುತ್ತಿತ್ತು.

ಹೊರಗೆ ಮೋಡ ಕವಿದು ಗಾಳಿಯಲ್ಲಿ ತೇವ ಏರಿತ್ತು. ತೇವಕ್ಕೆ ಚರ್ಮ ಸಡಿಲಾಗುತ್ತದೆ, ಸಡಿಲಾದ ಚರ್ಮದ ಸ್ವರ ತಗ್ಗುತ್ತದೆ. ಅಪ್ಪ ಮತ್ತೆ ಮತ್ತೆ ಹಲಗೆಯನ್ನು ಬೆಂಕಿಗೆ ಹಿಡಿದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಪೂನಮ್ ಬಾಗಿಲಿಗೆ ಬಂದು ಹೇಳಿದರು, “ಕಾಕಾ, ಇದ ಕಡೇದು. ಇಲ್ಲಿ ನೆಟ್‌ವರ್ಕ್ ಹಿಂಗೈತಿ, ಕಳಸಾಕ ಹೊತ್ತ ಬೇಕು. ಇದು ಆಗಲಿಲ್ಲಾಂದ್ರ ಆ ಗಡಿಯಾಚಿ ಅವರನ್ನ ತಗೋತಾರ.”

ನಾನು ಅಪ್ಪನಿಗೆ ನೀರು ಕೊಡಲು ಅಂಗಳಕ್ಕೆ ಹೋದಾಗ ಅಬ್ರಾರ ಬೆಂಕಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತಿದ್ದ.

“ಕಾಕಾ, ಚಿಂತಿ ಬಿಡ್ರಿ. ಈ ಸಲ ಅವನ್ನ ಲಗೂನ ಬೀಳಸೂದಿಲ್ಲ, ನಾನೂ ಬೀಳೂದಿಲ್ಲ. ಮೂರ ನಿಮಿಷ ನಾ ಹಿಡೀತೇನಿ.”

“ನಿನ್ನ ಕುಸ್ತಿ ನೀ ಆಡು. ಹಲಗಿ ಚಿಂತಿ ನನಗಿರಲಿ.”

“ನಿಮ್ಮ ಹೆಸರ ಮೈಕಿನ್ಯಾಗ ಕೇಳಬೇಕ್ರಿ ನಾ. ಊರ ಸಹಿತ.”

ಅಪ್ಪ ಹಲಗೆಯ ಹಿಂದಿನಿಂದ ಅವನನ್ನು ಒಮ್ಮೆ ನೋಡಿದ. ನಂತರ ನನ್ನನ್ನು ನೋಡಿದ. ಊರಿನ ಹೆಸರಿನ ಮಾತನ್ನು ಅಬ್ರಾರನಿಗೆ ಹೇಳಿದವಳು ನಾನೇ ಎಂದು ಅಪ್ಪನಿಗೆ ತಿಳಿಯಿತು.

ನಾಲ್ಕನೆಯ ಸಲ ಶ್ರೀಶೈಲ ಕೈ ಹಿಡಿದ ರೀತಿಯಲ್ಲೇ ಸಿಟ್ಟು ಕಾಣಿಸುತ್ತಿತ್ತು. ಅಬ್ರಾರ ತಳ್ಳದೆ, ಎಳೆಯದೆ, ಅವನ ಭಾರವನ್ನು ತಡೆದು ನಿಂತ. ಮೊದಲ ನಿಮಿಷ ಹಲಗೆ ಎಚ್ಚರದಿಂದ ನಡೆಯಿತು. ಎರಡನೆಯ ನಿಮಿಷದಲ್ಲಿ ಇಬ್ಬರೂ ಮಂಡಿಗೆ ಬಂದರು, ಹಲಗೆಯೂ ತಗ್ಗಿ ಮಣ್ಣಿನ ಹತ್ತಿರ ಗುಡುಗಿದಂತೆ ಕೇಳಿಸಿತು. ಪೂನಮ್ ಕಣ್ಣು ಮುಚ್ಚಿ, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದರು. ಅವರು ಮುಂಬೈಯಿಂದ ಹುಡುಕಿಕೊಂಡು ಬಂದದ್ದು ಇದನ್ನೇ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಆಗ ಅಬ್ರಾರನ ಮಂಡಿ ಜಾರಿತು. ಅವನು ಬೋರಲಾಗಿ ಬಿದ್ದ. ಬೆನ್ನು ಮೇಲಿರುವವರೆಗೆ ಸೋಲಿಲ್ಲ. ಶ್ರೀಶೈಲ ಅವನ ಬೆನ್ನಿನ ಮೇಲೆ ಭಾರ ಹಾಕಿ, ಬಲಗೈಯನ್ನು ಹಿಂದಕ್ಕೆ ತಿರುವಿ, ಮೊಣಕೈಯ ಕೆಳಗೆ ತನ್ನ ತೋಳು ತೂರಿಸಿ ಮೇಲಕ್ಕೆ ಎತ್ತಲಾರಂಭಿಸಿದ. ವಸ್ತಾದರು ಆಚೆ ಬದಿಯಲ್ಲಿದ್ದರು. ಶ್ರೀಶೈಲನ ಬೆನ್ನು ಅಡ್ಡವಾಗಿ ಅವರಿಗೆ ಆ ತೋಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಅಪ್ಪನಿಗೆ ಮತ್ತು ಅವನ ಹಿಂದೆ ಮೇಜಿನಲ್ಲಿದ್ದ ನನಗೆ.

ತೋಳು ಸೊಂಟದಿಂದ ಬೆನ್ನಿನ ನಡುವಿಗೆ ಬಂತು, ಅಲ್ಲಿಂದ ಇನ್ನೂ ಮೇಲೆ ಹೋಯಿತು. ಅಬ್ರಾರನ ಎಡಗೈ ಬಿಡುವಾಗಿತ್ತು. ಆ ಅಂಗೈ ಮಣ್ಣಿನಿಂದ ಮೇಲೆದ್ದಿತು. ಈಗ ಬಡಿಯುತ್ತಾನೆ ಎಂದುಕೊಂಡೆ. ಅಂಗೈ ಗಾಳಿಯಲ್ಲೇ ನಿಂತಿತು. ಬಳಿಕ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಮುಷ್ಟಿಯಾದವು. ಮುಷ್ಟಿ ಮಣ್ಣಿನೊಳಗೆ ಹೂತುಕೊಂಡಿತು.

ಅಪ್ಪ ಬಾರಿಸುತ್ತಲೇ ಎರಡು ಹೆಜ್ಜೆ ಮುಂದೆ ಹೋಗಿ, ಬಗ್ಗಿ ಅವನ ಮುಖ ನೋಡಿದ. ಅಬ್ರಾರನ ತುಟಿಗೆ ಮಣ್ಣು ಮೆತ್ತಿತ್ತು. ಅವನು ತಲೆಯನ್ನು ಅಡ್ಡಡ್ಡ ಆಡಿಸಿದ. ನಿಲ್ಲಿಸಬೇಡಿ ಎಂಬುದನ್ನು ಬಿಟ್ಟು ಅದಕ್ಕೆ ಬೇರೆ ಅರ್ಥವಿರಲಿಲ್ಲ.

ಪಟ್ಟು ಬಿಗಿಯಾದಷ್ಟೂ ಹಲಗೆ ಬಿರುಸಾಗುತ್ತಿತ್ತು. ಹಲಗೆ ಬಿರುಸಾದಷ್ಟೂ ಪಟ್ಟು ಬಿಗಿಯಾಗುತ್ತಿತ್ತು. ಅಪ್ಪನ ಕೈ ಅಪ್ಪನ ಮಾತು ಕೇಳುವುದಿಲ್ಲ ಎಂದು ವಸ್ತಾದರು ಹೇಳಿದ್ದರು. ಅಲೆ ತೆರೆಯ ಎರಡೂ ಅಂಚುಗಳನ್ನು ಮುಟ್ಟುತ್ತಿತ್ತು. ಪೂನಮ್ ಕಣ್ಣು ತೆರೆದು, ಅಪ್ಪನಿಗೆ ಕಾಣುವಂತೆ ಎರಡು ಬೆರಳು ಎತ್ತಿ ತೋರಿಸಿದರು. ಇನ್ನು ಇಪ್ಪತ್ತು ಸೆಕೆಂಡು.

ಅಪ್ಪ ಕತ್ತು ಹೊರಳಿಸಿ ಆ ಬೆರಳುಗಳನ್ನು ನೋಡಿದ. ನೋಡಿದ್ದು ನನಗೆ ಸ್ಪಷ್ಟವಾಗಿ ಗೊತ್ತು. ದಪ್ಪ ಕೋಲು ಮೇಲೆದ್ದಿತು, ಮತ್ತೆ ಕೆಳಗೆ ಬರಲಿಲ್ಲ.

ತೆರೆಯ ಮೇಲೆ ಅಲೆ ಚಪ್ಪಟೆಯಾಗಿ ಗೆರೆಯಾಯಿತು. ಶ್ರೀಶೈಲನ ಎರಡೂ ಕೈಗಳು ಬೆಂಕಿ ತಾಗಿದಂತೆ ಬಿಚ್ಚಿಕೊಂಡವು. ಅಬ್ರಾರನ ಬಲಗೈ ಬೆನ್ನಿನಿಂದ ಜಾರಿ, ಯಾವ ಕೈಯೂ ಬೀಳಬಾರದ ಕೋನದಲ್ಲಿ ಮಣ್ಣಿಗೆ ಬಿತ್ತು. ಆಗ ಅವನು ಕೂಗಿದ. ಗೆರೆಯ ಮೇಲೆ ಆ ಕೂಗು ಒಂದು ಮುಳ್ಳಿನಂತೆ ಎದ್ದು ಇಳಿಯಿತು.

ವಸ್ತಾದರು ಓಡಿಬಂದು ಮೊಣಕೈ ಮುಟ್ಟಿ ನೋಡಿದರು. “ಕೀಲ ಸರದೈತಿ. ಗಾಡಿ ತರ್ರಿ, ಲಗೂನ.”

ಶ್ರೀಶೈಲ ಅಲ್ಲೇ ಮಂಡಿಯೂರಿದ್ದ. “ಕಾಕಾ, ನಾ ಬೇಕಂತ ಮಾಡಿಲ್ರಿ. ಹಲಗಿ ಹೆಂಗ ಹೊಡೀತಿತ್ತೋ ಹಂಗ ಒತ್ತಿದೆ. ಅಂವ ಬಡೀಲಿಲ್ರಿ ಮಣ್ಣ, ಯಾಕ ಬಡೀಲಿಲ್ಲ?”

ಸಣ್ಣ ಸರಕು ಗಾಡಿಯಲ್ಲಿ ಅಬ್ರಾರನನ್ನು ಮಲಗಿಸಿಕೊಂಡು ವಸ್ತಾದರೂ ಶ್ರೀಶೈಲನೂ ಬೈಲಹೊಂಗಲದ ಆಸ್ಪತ್ರೆಗೆ ಹೊರಟರು. ಅಪ್ಪನೂ ಹತ್ತಲು ಹೋದ. ಅಬ್ರಾರ ಎಡಗೈಯಿಂದ ಅವನನ್ನು ತಳ್ಳಿದ. “ನೀವ್ ಬರಬ್ಯಾಡ್ರಿ. ಅದನ್ನ ಮುಗಿಸಿ ಬರ್ರಿ.” ಸಿಟ್ಟಿನಲ್ಲೇ ಹೇಳಿದ.

ಗಾಡಿ ಹೋದ ಮೇಲೆ ಬಾಗಿಲಲ್ಲಿದ್ದ ಹುಡುಗರೂ ಚದುರಿ, ಗರಡಿಯಲ್ಲಿ ನಾವು ಮೂವರೇ ಉಳಿದೆವು. ಪೂನಮ್ ಲ್ಯಾಪ್‌ಟಾಪಿನ ಮುಂದೆ ಕುಳಿತರು. ಹಲಗೆ ನಿಲ್ಲುವ ಮೊದಲಿನ ಕೆಲವು ಪೆಟ್ಟುಗಳನ್ನು ನಕಲು ಮಾಡಿ, ಮುಂದಕ್ಕೆ ಸೇರಿಸಿ, ಕೂಗನ್ನು ಅಳಿಸಿ, ಮೂರು ನಿಮಿಷ ತುಂಬಿಸಿದರು. ಜೋಡಣೆ ಎಲ್ಲಿದೆ ಎಂದು ಗೊತ್ತಿದ್ದ ನನ್ನ ಕಣ್ಣಿಗೂ ಅದು ಕಾಣಲಿಲ್ಲ, ಕಿವಿಗೂ ಕೇಳಲಿಲ್ಲ. ಈ ನಡುವೆ ವಸ್ತಾದರ ಫೋನು ಬಂತು: ಎಲುಬು ಮುರಿದಿಲ್ಲ, ಕೀಲನ್ನು ಕೂರಿಸುತ್ತಿದ್ದಾರೆ.

“ಕೇಳ್ರಿ ಕಾಕಾ” ಎಂದು ಪೂನಮ್ ಹೆಡ್‌ಫೋನನ್ನು ಅಪ್ಪನ ತಲೆಗೆ ಹಾಕಿದರು. “ಜೋಡಿಸಬಾರ್ದು ಅಂತ ಷರತ್ತೈತಿ, ನನಗ ಗೊತ್ತೈತಿ. ಆದ್ರ ನಮ್ಮ ಸರ್‌ಗೂ ಇದು ಗೊತ್ತಾಗೂದಿಲ್ಲ. ಇಷ್ಟ ಛಲೋ ಬಾರಸೀರಿ. ಇಪ್ಪತ್ತ ಸೆಕೆಂಡಿಗೆ ಕಳಕೋಬ್ಯಾಡ್ರಿ.”

ಅಪ್ಪ ಖಾಲಿ ಕಣವನ್ನು ನೋಡುತ್ತಾ ಕೇಳಿದ. ತೆರೆಯ ಮೇಲೆ ಚಲಿಸುವ ಗೆರೆ ಎಲ್ಲಿಗೆ ಬಂದಿದೆ ಎಂದು ನಾನು ನೋಡುತ್ತಿದ್ದೆ. ಅದು ಜೋಡಣೆಯನ್ನು ದಾಟಿದಾಗ ತೊಡೆಯ ಮೇಲಿದ್ದ ಅಪ್ಪನ ಬಲಗೈ ಗಟ್ಟಿಯಾಗಿ ಮುಚ್ಚಿಕೊಂಡಿತು. ಹಲಗೆ ಅವನ ಕಿವಿಯಲ್ಲಿ ಇನ್ನೂ ನಡೆಯುತ್ತಿತ್ತು. ಅವನು ಕೊನೆಯವರೆಗೂ ಕೇಳಿ ಹೆಡ್‌ಫೋನು ತೆಗೆದ.

“ಇದರಾಗ ಹುಡುಗನ ತೋಳ ಮುರೀತು” ಎಂದ.

“ಮುರದಿಲ್ಲಲ್ರಿ ಕಾಕಾ, ಈಗರ ಫೋನ್ ಬಂತು.”

“ನಾ ನಿಂತೆ, ಅದಕ್ಕ ಮುರೀಲಿಲ್ಲ. ಇದರಾಗ ನಾ ನಿಂತಿಲ್ಲ.”

“ಅರ್ಧಾ ಕಳಸಿದ್ರ ಹೆಸರ ಹೋತ್ರಿ” ಎಂದರು ಪೂನಮ್.

“ಹೋಗ್ಲಿ ಅಂತ ಹೆಂಗ ಅನ್ಲಿರಿ?” ಎಂದ ಅಪ್ಪ. “ನನಗ ಬೇಕಾಗಿತ್ತದು.” ಅವನು ಎದ್ದು ಬಾಗಿಲವರೆಗೆ ಹೋದ. ತಿರುಗಿ ನೋಡದೆ ನನಗೆ ಹೇಳಿದ, “ಪ್ರಣೀ, ಇದ್ದದ್ದನ್ನ ಕಳಸವ್ವ.” ಅಂಗಳದಲ್ಲಿ ಬೆಂಕಿಗೆ ನೀರು ಸುರಿದ ಸದ್ದು ಕೇಳಿಸಿತು.

ತೆರೆಯ ಮೇಲೆ ಎರಡು ಕಡತಗಳು ಅಕ್ಕಪಕ್ಕದಲ್ಲಿದ್ದವು. ಪೂನಮ್ ಕುರ್ಚಿ ಹಿಂದಕ್ಕೆ ಸರಿಸಿ ನನಗೆ ಜಾಗ ಬಿಟ್ಟರು. ಪೂರ್ತಿಯಾಗಿದ್ದುದರ ಮೇಲೆ ನನ್ನ ಬೆರಳು ಹೋಗಿ ನಿಂತದ್ದು ನಿಜ. ಅದನ್ನು ಕಳಿಸಿದರೆ ಅಪ್ಪನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಒಂದು ದಿನ ಮೈಕಿನಲ್ಲಿ ಅವನ ಹೆಸರು ಬರುತ್ತಿತ್ತು, ಅಷ್ಟೇ. ಆದರೆ ಬಂದಮೇಲೆ ಅವನು ಅಲ್ಲಿ ನಿಂತು ಬಾರಿಸಬೇಕಿತ್ತು, ಮತ್ತು ಬಾರಿಸುವಾಗ ಅವನ ಕಣ್ಣ ಮುಂದಿನ ಕಣದಲ್ಲಿ ಯಾರು ಬಿದ್ದಿರುತ್ತಾರೆ ಎಂಬುದು ನನಗೆ ಈಗ ಗೊತ್ತಿತ್ತು. ಬೆರಳನ್ನು ಪಕ್ಕಕ್ಕೆ ಸರಿಸಿ, ಅರ್ಧಕ್ಕೆ ನಿಂತದ್ದನ್ನು ಕೂಗಿನ ಸಮೇತ ಕಳಿಸಿದೆ.

ಆಸ್ಪತ್ರೆಯಲ್ಲಿ ಅಬ್ರಾರ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಕುಳಿತಿದ್ದ. ಕಾಲ ಬಳಿ ಶ್ರೀಶೈಲ ಮೋಸಂಬಿ ಸುಲಿಯುತ್ತಿದ್ದ.

“ಯಾಕ ನಿಂತ್ರಿ?” ಎಂದ ಅಬ್ರಾರ, ನಾವು ಒಳಗೆ ಕಾಲಿಡುತ್ತಲೇ. “ನಾ ಮಣ್ಣ ಬಡದಿದ್ನೇನು? ಇನ್ನ ಹಿಡೀತಿದ್ದೆ ನಾ.”

“ನೀ ಹಿಡೀತಿದ್ದಿ. ನಾ ಬಾರಸಲಿಲ್ಲ.”

“ನನ್ನ ಕೈ, ನನ್ನ ಕುಸ್ತಿ.”

“ನನ್ನ ಹಲಗಿ” ಎಂದ ಅಪ್ಪ. “ಬಡೀಬೇಕಾದಾಗ ಬಡೀಬೇಕಲೇ ಮಗನ. ಇನ್ನೊಮ್ಮೆ ಮುಷ್ಟಿ ಮಾಡಿದ್ರ ನಿನ್ನ ಕುಸ್ತಿಗೆ ನಾ ಬರೂದಿಲ್ಲ.”

ಇಬ್ಬರೂ ಮುಖ ತಿರುಗಿಸಿಕೊಂಡರು. ಶ್ರೀಶೈಲ ಮೋಸಂಬಿಯ ತೊಳೆಯನ್ನು ಯಾರ ಕಡೆಗೆ ಚಾಚಬೇಕೆಂದು ತಿಳಿಯದೆ ತಾನೇ ಬಾಯಿಗೆ ಹಾಕಿಕೊಂಡ.

ಆ ವಾರವೇ ಪೂನಮ್ ಫೋನು ಮಾಡಿದರು. ಗಡಿಯಾಚೆಯವರು ಆಯ್ಕೆಯಾಗಿದ್ದರು. ಉದ್ಘಾಟನೆಯ ಸಂಜೆ ಅಪ್ಪ ಅಂಗಡಿಯಲ್ಲೇ ನನ್ನ ಫೋನಿನಲ್ಲಿ ಆ ಮೂರು ನಿಮಿಷವನ್ನು ಕೇಳಿದ. ಮೈಕಿನಲ್ಲಿ ಆ ವಾದಕನ ಹೆಸರು ಬಂತು, ಊರಿನ ಹೆಸರೂ ಬಂತು. “ಊರ ಸಹಿತ ಹೇಳತಾರ ನೋಡು” ಎಂದ. “ಛಲೋ ಬಾರಸ್ಯಾನ.” ಮತ್ತೆ ವೆಲ್ಡಿಂಗಿನ ಮುಖವಾಡ ಹಾಕಿಕೊಂಡ.

ಅಬ್ರಾರನ ಕೈ ಪೂರ್ತಿ ವಾಸಿಯಾದ ಮೇಲೆ ಅವನ ಮೊದಲ ಕುಸ್ತಿ ಮನೋಳಿಯಲ್ಲೇ ನಿಗದಿಯಾಯಿತು. ಅಪ್ಪನೂ ಅವನೂ ಅಲ್ಲಿಯವರೆಗೆ ಸರಿಯಾಗಿ ಮಾತಾಡಿರಲಿಲ್ಲ. ಮೈಕಿನವನು ಪೈಲ್ವಾನರ ಹೆಸರು, ಕಡಗ ಕೊಟ್ಟವರ ಹೆಸರು, ಪೆಂಡಾಲಿನವರ ಹೆಸರು ಓದಿ, “ಹಲಗೀಯವ್ರು, ಸುರು…” ಎನ್ನುವಷ್ಟರಲ್ಲಿ ಅಬ್ರಾರ ಕಣದಿಂದ ಹೊರಗೆ ಹಾರಿ, ಮಣ್ಣಿನ ಕೈಯಿಂದಲೇ ಮೈಕು ಕಸಿದುಕೊಂಡ.

“ಹಲಗೀ ಬಾರಸವ್ರು,” ಅವನ ದನಿ ಪೆಂಡಾಲಿನ ತುದಿಯವರೆಗೆ ಹೋಯಿತು, “ಭರಮಪ್ಪ ಅವ್ರು, ಊರು…”

ಅಪ್ಪ ಹಲಗೆಗೆ ಬಲವಾಗಿ ಬಡಿದ.

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಅಬ್ರಾರ ಬಾಯಿ ತೆರೆದು ನಿಂತಿದ್ದ. ಅಪ್ಪ ಅವನತ್ತ ನೋಡದೆ, ತಲೆ ತಗ್ಗಿಸಿ, ನಾಚಿ ಕಿವಿಯವರೆಗೆ ಕೆಂಪಾಗಿ ಬಾರಿಸುತ್ತಿದ್ದ. ಹಲಗೆ ಶುರುವಾದರೆ ಕೈ ಹಿಡಿಯಬೇಕು. ಅಬ್ರಾರ ಮೈಕು ಬಿಟ್ಟು ಕಣಕ್ಕೆ ಓಡಿದ.